ಫೈಲಿನ ಹೆಸರು ಬದಲಿಸಿದವರು ಯಾರು?

ನಾನು ಹಿಂದೆ ಕೆಲಸ ಮಾಡುತ್ತಿದ್ದ ಪತ್ರಿಕೆಯೊಂದರ ಜಿಲ್ಲಾ ಕಚೇರಿಗೆ ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕೈಯಲ್ಲಿ ಅವತ್ತಿನ ಪತ್ರಿಕೆ. ಐದನೇ ಪುಟದ ನಿಧನ ವಾರ್ತೆಯಲ್ಲಿ ಬೇರೆ ಯಾರದೋ ಹೆಸರಿನ ಮೇಲೆ ಅವರ ಫೋಟೋ ಅಚ್ಚಾಗಿತ್ತು. ಹಿಂದಿನ ದಿನ ಹಳೆಯ ವಿದ್ಯಾರ್ಥಿಗಳು ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಆ ಫೋಟೋ ಅದು. ಮೇಷ್ಟ್ರು ಕೂಗಾಡಲಿಲ್ಲ. "ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್ ಬರ್ತಿದೆ. ಮನೆಯವಳು ಹೆದರಿಕೊಂಡಿದ್ದಾಳೆ. ನಾನು ಇದ್ದೀನಿ ಅಂತ ಒಂದು ಸಾಲು ಹಾಕಿ ಸಾಕು" ಎಂದರು. ಮಧ್ಯಾಹ್ನ ಸತ್ತವರ ಮಗ ಬಂದ. ಅವನು ಕೂಗಾಡಿದ. ಅವನದು ತಪ್ಪಲ್ಲ.

ಸಂಜೆ ವಿಚಾರಣೆ. ಆ ಎರಡೂ ಫೋಟೋಗಳನ್ನು ಸೈಜು ಮಾಡಿ ಸರ್ವರಿಗೆ ಹಾಕಿದವಳು ಆರು ತಿಂಗಳ ಹಿಂದೆ ಸೇರಿದ್ದ ಒಬ್ಬ ಟ್ರೈನಿ. ನಮ್ಮ ಹಾಗೇ ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದವಳು. ಹಿರಿಯರು ಅವಳ ಎದುರೇ ಆ ದಿನದ ಫೋಲ್ಡರ್ ತೆರೆದರು. ನಿಧನ ವಾರ್ತೆಗೆಂದು ಗೊತ್ತು ಮಾಡಿದ್ದ ಹೆಸರು 'ಪು5-2'. ಆ ಹೆಸರಿನ ಫೈಲ್ ಒತ್ತಿದರೆ ಮೇಷ್ಟ್ರ ಮುಖ ಬಂತು. ಪಕ್ಕದಲ್ಲಿ ಸಮಯ: ಸಂಜೆ 4.10.

"ನೋಡಮ್ಮಾ, ಈ ಫೈಲ್ ಸೇವ್ ಆಗಿರೋದು 4.10ಕ್ಕೆ. ಆಗ ಸಿಸ್ಟಮ್ ಮುಂದೆ ಕೂತಿದ್ದವಳು ನೀನು. ಅದಾದ ಮೇಲೆ ಇದನ್ನ ಯಾರೂ ಮುಟ್ಟಿಲ್ಲ."

"ಸರ್, ನಾನು ಆ ಹೆಸರು ಕೊಟ್ಟಿರಲಿಲ್ಲ. ಮೇಷ್ಟ್ರ ಫೋಟೋಗೆ ಪು3-1 ಅಂತ ಕೊಟ್ಟಿದ್ದೆ."

"ಹಾಗಾದ್ರೆ ಫೈಲ್ ಸುಳ್ಳು ಹೇಳುತ್ತಾ?"

ಮರುದಿನ ಪತ್ರಿಕೆಯಲ್ಲಿ ಎರಡು ಸಾಲಿನ ವಿಷಾದ ಬಂತು. ಸೋಮವಾರದಿಂದ ಬರಬೇಡ ಎಂದು ಅವಳಿಗೆ ಹೇಳಿದರು.

ಫೈಲ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ನಾವು ತಪ್ಪಾಗಿ ಓದಿದ್ದೆವು. ಒಂದು ಫೈಲಿನ ಹೆಸರು ಬದಲಿಸಿದರೆ ಆ ಫೈಲಿನ ಪಕ್ಕದಲ್ಲಿ ಕಾಣುವ 'ಮಾಡಿಫೈಡ್' ಸಮಯ ಬದಲಾಗುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ನಿಮ್ಮ ಕಂಪ್ಯೂಟರಿನಲ್ಲಿರುವ ಹೋದ ವರ್ಷದ ಒಂದು ಫೋಟೋ ಹುಡುಕಿ, ಅದಕ್ಕೆ ಬೇರೆ ಹೆಸರು ಕೊಟ್ಟು ನೋಡಿ. ದಿನಾಂಕ ಹೋದ ವರ್ಷದ್ದೇ ಇರುತ್ತದೆ. ಆ ಸಮಯ ಹೇಳುವುದು ಫೈಲಿನ ಒಳಗಿನ ಹೂರಣ ಯಾವಾಗ ಬದಲಾಯಿತು ಎಂದು. ಹೆಸರು ಯಾವಾಗ ಬದಲಾಯಿತು, ಬದಲಿಸಿದವರು ಯಾರು ಎಂದು ಅದು ಹೇಳುವುದೇ ಇಲ್ಲ. ರಾತ್ರಿ 10.40ಕ್ಕೆ ಯಾರೋ ಪು3-1 ಎಂಬುದನ್ನು ಪು5-2 ಎಂದು ಮಾಡಿದ್ದರೂ ಅಲ್ಲಿ 4.10 ಎಂದೇ ಇರುತ್ತದೆ. ಒಬ್ಬ ಹುಡುಗಿಯ ಕೆಲಸ ಕಳೆದ ಸಾಕ್ಷ್ಯ ಇಷ್ಟು.

ಆ ರಾತ್ರಿ ಹಾಗೆ ಆಗುವುದಕ್ಕೆ ಕಾರಣವೂ ಇತ್ತು. ತಡವಾಗಿ ಜಾಹೀರಾತು ಬಂದು ಮೂರನೇ ಪುಟದ ಅರ್ಧ ಹೋಯಿತು. ಸನ್ಮಾನದ ಸುದ್ದಿ ಐದನೇ ಪುಟಕ್ಕೆ ಬಂತು. ನಮ್ಮಲ್ಲಿ ಫೋಟೋಗಳಿಗೆ ಪುಟದ ಸಂಖ್ಯೆ ಮತ್ತು ಕ್ರಮದ ಮೇಲೆ ಹೆಸರು. ಪುಟ ಬದಲಾದರೆ ಹೆಸರುಗಳೂ ಬದಲಾಗಬೇಕು. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಸಾಮಾನ್ಯವಾಗಿ ಚಿತ್ರವೇ ಕೂತಿರುವುದಿಲ್ಲ, ಚಿತ್ರ ಎಲ್ಲಿದೆ, ಅದರ ಹೆಸರೇನು ಎಂಬ ಕೊಂಡಿ ಇರುತ್ತದೆ. ಆ ಹೆಸರಿನಲ್ಲಿ ಬೇರೆ ಚಿತ್ರ ಬಂದು ಕೂತರೆ, ಕೊಂಡಿ ಅಪ್‌ಡೇಟ್ ಆದ ಕೂಡಲೇ ಪುಟದಲ್ಲಿ ಅದೇ ಬರುತ್ತದೆ. ಗಡಿಬಿಡಿಯಲ್ಲಿ ಯಾರೋ ಎರಡು ಹೆಸರುಗಳನ್ನು ಅದಲುಬದಲು ಮಾಡಿದರು. ಯಾರು?

ಗೊತ್ತಾಗುವ ದಾರಿಯೇ ಇರಲಿಲ್ಲ. ಯಾಕೆಂದರೆ ಆ ಕಚೇರಿಯ ಹನ್ನೆರಡು ಜನರೂ ಸರ್ವರಿನ ಪಾಲಿಗೆ ಒಬ್ಬರೇ. ಎಲ್ಲರ ಲಾಗಿನ್ 'ಡೆಸ್ಕ್'. ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಕೆಳಗೆ ಅಂಟಿಸಿತ್ತು. ಸರ್ವರನ್ನು ಕೇಳಿದರೆ ಅದು ಹೇಳುವುದು: ಸಂಜೆ ಫೈಲ್ ಹಾಕಿದ್ದು ಡೆಸ್ಕ್, ರಾತ್ರಿ ಫೋಲ್ಡರ್ ತಿದ್ದಿದ್ದು ಡೆಸ್ಕ್, ಬೆಳಿಗ್ಗೆ ವಿಚಾರಣೆಗೆ ಫೋಲ್ಡರ್ ತೆರೆದದ್ದೂ ಡೆಸ್ಕ್. ಹನ್ನೆರಡು ಜನ ಒಂದೇ ಮುಖವಾಡ ಹಾಕಿಕೊಂಡು ಕೂತಲ್ಲಿ ತಪ್ಪು ಯಾರ ಹೆಗಲಿಗೆ ಬೀಳುತ್ತದೆ? ಜಗಳ ಮಾಡಲು ಆಗದವರ ಹೆಗಲಿಗೆ.

ಇದನ್ನು 'ಕಂಪ್ಯೂಟರ್ ಸಮಸ್ಯೆ' ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಇದು ಕಚೇರಿ ನಡೆಸುವವರ ಸೋಮಾರಿತನ. ಅದಕ್ಕೆ ಕಂಪ್ಯೂಟರಿನ ಅಂಗಿ ತೊಡಿಸಿದ್ದೇವೆ ಅಷ್ಟೇ.

ಆಮೇಲೆ ನಡೆದದ್ದನ್ನೂ ಕೇಳಿ. ಪ್ರಕರಣ ಆದ ಮೇಲೆ ಸಿಸ್ಟಮ್ ನೋಡಿಕೊಳ್ಳುವವರಿಗೆ ಮೇಲಿನಿಂದ ಆದೇಶ ಬಂತು: ಇನ್ನು ಮೇಲೆ ಯಾರೂ ಹೆಸರು ಬದಲಿಸಬಾರದು. ಅವರು ಫೋಲ್ಡರಿಗೆ ಬೀಗ ಹಾಕಿದರು. ಅಡ್ಮಿನ್ ಒಬ್ಬರಿಗೆ ಮಾತ್ರ ಬದಲಿಸುವ ಅಧಿಕಾರ. ಮೊದಲನೇ ರಾತ್ರಿಯೇ ನಾನು ನಾನೇ ತೆಗೆದ, ನಾನೇ ಸೇವ್ ಮಾಡಿ ಅವರ ಕೈಯಿಂದ ಫೋಲ್ಡರಿಗೆ ಹಾಕಿಸಿದ ಫೋಟೋದ ಹೆಸರಿನಲ್ಲಿದ್ದ ಒಂದು ಅಕ್ಷರ ತಿದ್ದಲು ಹೋದೆ. 'ಪರ್ಮಿಶನ್ ಡಿನೈಡ್.' ಫೈಲಿನ ಯಜಮಾನ ನಾನು ಎಂದು ಅಲ್ಲೇ ಬರೆದಿದೆ, ಆದರೂ ಆಗುವುದಿಲ್ಲ. ಸಿಸ್ಟಮ್ ನೋಡಿಕೊಳ್ಳುವವರು ಹನ್ನೊಂದು ಗಂಟೆಗೆ ಮಲಗಿರುತ್ತಾರೆ. ನಾವು ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡು ಪುಟ ಕಟ್ಟಿದೆವು. ನಾಲ್ಕನೇ ದಿನ ಅವರಿಗೂ ಸಾಕಾಯಿತು. ಕೂತು ಒಂದೇ ಸಾಲು ಒತ್ತಿದರು: ಸಿಎಚ್‌ಮಾಡ್ 777. ಎಲ್ಲರಿಗೂ ಎಲ್ಲವೂ. ಸಮಸ್ಯೆ ಮುಗಿಯಿತು ಎಂದು ಎದ್ದು ಹೋದರು.

ಪೂರ್ತಿ ಬೀಗ, ಇಲ್ಲವಾದರೆ ಪೂರ್ತಿ ಬಟಾಬಯಲು. ಇವೆರಡರ ನಡುವೆ ಯಾರು ಏನು ಮಾಡಬಹುದು ಎಂದು ಕೂತು ತೀರ್ಮಾನಿಸುವ ಕೆಲಸವೊಂದಿದೆ. ಅದನ್ನು ಮಾತ್ರ ಯಾರೂ ಮಾಡಲಿಲ್ಲ.

ನನ್ನ ಫೈಲಿನ ಹೆಸರು ನನಗೇ ಬದಲಿಸಲು ಆಗದ್ದು ಯಾಕೆ? ಇದು ತಲೆಗೆ ಹತ್ತಲು ನನಗೆ ಬಹಳ ದಿನ ಬೇಕಾಯಿತು. ಹತ್ತಿದ ಮೇಲೆ, ನಮ್ಮೂರಿನವರಿಗೆ ಇದಕ್ಕಿಂತ ಸುಲಭದ ವಿಷಯ ಇನ್ನೊಂದಿಲ್ಲ ಅನ್ನಿಸಿತು. ಪಹಣಿ ನೆನಪಿಸಿಕೊಳ್ಳಿ. ಜಮೀನಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಜಮೀನಿಗೆ ಇರುವುದು ಸರ್ವೆ ನಂಬರ್. ಆ ನಂಬರಿನ ಎದುರು ಹೆಸರು ಇರುವುದು ಪಹಣಿಯ 9ನೇ ಕಾಲಂನಲ್ಲಿ. ನೀವು ಮೂರು ತಲೆಮಾರಿನಿಂದ ಉಳುತ್ತಿರಬಹುದು, ಬೇಲಿ ಹಾಕಿರಬಹುದು, ಬಾವಿ ತೋಡಿರಬಹುದು. ಹೆಸರು ಬದಲಾಗಬೇಕಾದರೆ ಹೊಲಕ್ಕೆ ಹೋಗಿ ಪ್ರಯೋಜನವಿಲ್ಲ, ಪುಸ್ತಕ ಇರುವಲ್ಲಿಗೆ ಹೋಗಬೇಕು.

ಯುನಿಕ್ಸ್, ಲಿನಕ್ಸ್ ಸಿಸ್ಟಮ್‌ಗಳಲ್ಲಿ ಫೈಲಿನ ಕಥೆಯೂ ಹೀಗೇ. ಫೈಲಿಗೆ ಒಂದು ನಂಬರ್ ಇರುತ್ತದೆ, ಐನೋಡ್ ನಂಬರ್ ಎನ್ನುತ್ತಾರೆ. ಯಜಮಾನ ಯಾರು, ಯಾವ ಗುಂಪು, ಸಮಯ ಎಷ್ಟು ಎಂಬುದೆಲ್ಲ ಆ ನಂಬರಿನ ಜೊತೆ ಇರುತ್ತದೆ. ಹೆಸರು ಮಾತ್ರ ಅಲ್ಲಿಲ್ಲ. ಹೆಸರು ಇರುವುದು ಫೋಲ್ಡರಿನಲ್ಲಿ. ಫೋಲ್ಡರ್ ಎಂದರೆ ಪೆಟ್ಟಿಗೆಯಲ್ಲ, ಅದೊಂದು ರಿಜಿಸ್ಟರ್: ಈ ಹೆಸರಿಗೆ ಈ ನಂಬರ್ ಎಂಬ ಸಾಲುಗಳ ಪಟ್ಟಿ. ಹೆಸರು ಬದಲಿಸುವುದೆಂದರೆ ಆ ರಿಜಿಸ್ಟರಿನ ಒಂದು ಸಾಲು ಹೊಡೆದು ಇನ್ನೊಂದು ಬರೆಯುವುದು. ಹಾಗಾಗಿ ಸಿಸ್ಟಮ್ ಕೇಳುವ ಪ್ರಶ್ನೆ 'ಈ ಫೈಲ್ ನಿನ್ನದಾ?' ಎಂದಲ್ಲ. 'ಈ ರಿಜಿಸ್ಟರಿನಲ್ಲಿ ಬರೆಯುವ ಅಧಿಕಾರ ನಿನಗಿದೆಯಾ?' ಎಂದು.

ಇದರಿಂದ ಎರಡು ವಿಚಿತ್ರಗಳು ಹುಟ್ಟುತ್ತವೆ. ಒಂದು, ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಇಲ್ಲದಿದ್ದರೆ ನಿಮ್ಮದೇ ಫೈಲಿನ ಹೆಸರನ್ನೂ ನೀವು ತಿದ್ದಲಾರಿರಿ. ನನಗೆ ಆದದ್ದು ಅದು. ಎರಡನೆಯದು ಅದರ ತಿರುವುಮುರುವು, ಹೆಚ್ಚು ಅಪಾಯದ್ದು. ನಿಮ್ಮ ಫೈಲನ್ನು ನೀವು 'ಓದಲು ಮಾತ್ರ' ಎಂದು ಭದ್ರ ಮಾಡಿ ಇಟ್ಟಿರಬಹುದು. ಬೇರೆಯವರು ಅದರೊಳಗೆ ಒಂದಕ್ಷರ ತಿದ್ದಲಾರರು. ಆದರೆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಅವರಿಗಿದ್ದರೆ ಅದರ ಹೆಸರು ಬದಲಿಸಬಹುದು, ಅಳಿಸಬಹುದು. ಅಷ್ಟೇ ಅಲ್ಲ, ಲಿನಕ್ಸಿನ ಎಂವಿ ಕಮಾಂಡಿನಲ್ಲಿ, ಇನ್ನೊಂದು ಫೈಲಿಗೆ ಈಗಾಗಲೇ ಇರುವ ಹೆಸರನ್ನೇ ಕೊಟ್ಟರೆ, ಆ ಹಳೆಯ ಫೈಲ್ ಬಹಳಷ್ಟು ಸಲ ಕೇಳದೆ ಕೇಳಿಸದೆ ಹೊರಟು ಹೋಗುತ್ತದೆ. ಬೇಲಿ ಗಟ್ಟಿಯಾಗಿದೆ, ಪಹಣಿ ಮಾತ್ರ ಊರ ಕಟ್ಟೆಯ ಮೇಲೆ ಪೆನ್ನಿನ ಜೊತೆ ಬಿದ್ದಿದೆ ಎಂದಹಾಗೆ.

ಈಗ 777 ಎಂದರೆ ಏನೆಂದು ನೋಡಿ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 (ಫೋಲ್ಡರಿನ ವಿಷಯದಲ್ಲಿ 'ನಡೆಸುವುದು' ಎಂದರೆ ಒಳಗೆ ಹೋಗುವುದು). ಮೂರೂ ಸೇರಿ 7. ಮೊದಲ ಅಂಕಿ ಯಜಮಾನನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಸಮಸ್ತರಿಗೆ. ಅಂದರೆ 777 ಎಂಬುದು ಪರ್ಮಿಶನ್ ಅಲ್ಲ, ಪರ್ಮಿಶನ್ ಎಂಬ ವಿಚಾರವನ್ನೇ ಕೈಬಿಟ್ಟದ್ದು. ವಿಂಡೋಸ್ ಸರ್ವರ್ ಇರುವ ಕಚೇರಿಗಳಲ್ಲಿ ಇದೇ ದೇವರ ಇನ್ನೊಂದು ಅವತಾರ: 'ಎವೆರಿಒನ್ - ಫುಲ್ ಕಂಟ್ರೋಲ್'. ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಹೆಸರು ಬದಲಿಸಬೇಕಾದರೆ ಆ ಫೈಲನ್ನು ಅಳಿಸುವ ಅಧಿಕಾರವೂ ಇರಬೇಕು. ಬರೀ 'ರೈಟ್' ಕೊಟ್ಟರೆ ಸಾಲದು, 'ಮಾಡಿಫೈ' ಬೇಕು. ಅದು ಗೊತ್ತಿಲ್ಲದೆ ಪರದಾಡಿ ಕೊನೆಗೆ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ನಾವೆಲ್ಲ ಹೀಗೆ ಆದದ್ದಕ್ಕೆ ಒಂದು ಕಾರಣವೂ ಇದೆ, ಒಪ್ಪುತ್ತೇನೆ. ನಮ್ಮಲ್ಲಿ ಅನೇಕರು ಕಂಪ್ಯೂಟರ್ ಮುಟ್ಟಿದ್ದು ಶಾಲೆಯ ಲ್ಯಾಬಿನಲ್ಲೋ ಸೈಬರ್ ಕೆಫೆಯಲ್ಲೋ, ವಿಂಡೋಸ್ 98 ಇದ್ದ ಯಂತ್ರದಲ್ಲಿ. ಅದರಲ್ಲಿ ಫೈಲಿಗೆ ಯಜಮಾನ ಎಂಬ ಕಲ್ಪನೆಯೇ ಇರಲಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಮಾದರಿಯಲ್ಲೂ ಇಲ್ಲ. ಯಾರ ಕೈಯಲ್ಲಿದೆಯೋ ಅವರದೇ. ಒಬ್ಬರು ಕೂರುವ ಯಂತ್ರದ ಅಭ್ಯಾಸವನ್ನು ಹನ್ನೆರಡು ಜನ ಕೂರುವ ಸರ್ವರಿಗೆ ಹೊತ್ತುಕೊಂಡು ಬಂದೆವು. ಸ್ವಂತ ಮನೆಯಲ್ಲಿ ಚಿಲಕ ಹಾಕದೆ ಮಲಗಬಹುದು. ಹಾಸ್ಟೆಲಿನಲ್ಲಿ ಹಾಗೆ ಮಲಗಿದರೆ ಬೆಳಿಗ್ಗೆ ಬಕೆಟ್ ಇರುವುದಿಲ್ಲ.

ಈ ಪಾಠ ಕಂಪ್ಯೂಟರ್ ಕಟ್ಟಿದವರಿಗೆ ಎಂದೋ ಆಗಿದೆ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ಸಿಸ್ಟಮ್ ಇತ್ತು. ಒಂದೇ ಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ಮೊದಲಿನ ಪ್ರಯೋಗಗಳಲ್ಲಿ ಅದೂ ಒಂದು. ಒಂದು ಮಧ್ಯಾಹ್ನ ಲಾಗಿನ್ ಆದ ಪ್ರತಿಯೊಬ್ಬರ ಟರ್ಮಿನಲ್‌ನಲ್ಲೂ ದಿನದ ಪ್ರಕಟಣೆಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿ ಅಚ್ಚಾಗತೊಡಗಿತು. ಆದದ್ದಿಷ್ಟು. ಅಲ್ಲಿನ ಎಡಿಟರ್, ಕೆಲಸ ನಡೆಯುವಾಗ ಒಂದು ತಾತ್ಕಾಲಿಕ ಫೈಲ್ ಮಾಡಿಕೊಳ್ಳುತ್ತಿತ್ತು, ಯಾವಾಗಲೂ ಒಂದೇ ಹೆಸರಿನಲ್ಲಿ. ಒಂದು ಡೈರೆಕ್ಟರಿಗೆ ಒಂದು ಸಲಕ್ಕೆ ಒಬ್ಬರೇ ಬರುತ್ತಾರೆ ಎಂಬ ನಿಯಮ ಇದ್ದಾಗ ಅದರಿಂದ ತೊಂದರೆ ಇರಲಿಲ್ಲ. ಆಮೇಲೆ ಸಿಸ್ಟಮ್ ನೋಡಿಕೊಳ್ಳುವವರು ತಮ್ಮ ಸೌಕರ್ಯಕ್ಕೆಂದು ತಮ್ಮ ಡೈರೆಕ್ಟರಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರಬಹುದು ಎಂದು ನಿಯಮ ಸಡಿಲಿಸಿಕೊಂಡರು. ಆ ದಿನ ಒಬ್ಬರು ಪ್ರಕಟಣೆ ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿ ತಿದ್ದುತ್ತಿದ್ದರು. ಎರಡಕ್ಕೂ ತಾತ್ಕಾಲಿಕ ಹೆಸರು ಒಂದೇ. ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂತಿತು. ಆ ಸಿಸ್ಟಮ್ ಕಟ್ಟಿದ ಫರ್ನಾಂಡೊ ಕೊರ್ಬಾಟೊ 1990ರ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ, ತಮ್ಮ ಉಪನ್ಯಾಸದಲ್ಲಿ ಈ ಅವಾಂತರವನ್ನು ತಾವೇ ವಿವರಿಸಿದರು.

ಗಮನಿಸಿ, ಅಲ್ಲಿ ಕಳ್ಳರು ಯಾರೂ ಇರಲಿಲ್ಲ. ಇಬ್ಬರೂ ತಮ್ಮ ಕೆಲಸವನ್ನೇ ಮಾಡುತ್ತಿದ್ದರು. ಒಂದು ಜಾಗ, ಒಂದು ಹೆಸರು, ಇಬ್ಬರು ಮನುಷ್ಯರು, ಮತ್ತು 'ನಮಗೆ ಅನುಕೂಲ' ಎಂದು ಸಡಿಲಿಸಿದ ಒಂದು ನಿಯಮ. ಅಷ್ಟು ಸಾಕಾಯಿತು. ನಮ್ಮ ಮೇಷ್ಟ್ರ ಫೋಟೋ ನಿಧನ ವಾರ್ತೆಗೆ ಹೋದದ್ದೂ ಈ ಜಾತಿಯ ತಪ್ಪೇ.

ಯುನಿಕ್ಸ್ ಕಡೆಯವರೂ ಹೀಗೆ ಪೆಟ್ಟು ತಿಂದೇ ಕಲಿತದ್ದು. ಎಲ್ಲರೂ ಬರೆಯಬಹುದಾದ ಟೆಂಪ್ ಎಂಬ ಸಾರ್ವಜನಿಕ ಫೋಲ್ಡರ್ ಅಲ್ಲಿ ಇದ್ದೇ ಇರುತ್ತದೆ. ಎಲ್ಲರೂ ಬರೆಯಬಹುದು ಎಂದರೆ, ಮೇಲೆ ಹೇಳಿದ ಲೆಕ್ಕದಲ್ಲಿ, ಯಾರು ಬೇಕಾದರೂ ಯಾರ ಫೈಲಿನ ಹೆಸರನ್ನಾದರೂ ಬದಲಿಸಬಹುದು. ಇದಕ್ಕೆ 1986ರ 4.3 ಬಿಎಸ್‌ಡಿ ಆವೃತ್ತಿಯಲ್ಲಿ ಒಂದು ಪರಿಹಾರ ಬಂತು: ಫೋಲ್ಡರಿಗೆ ಹಚ್ಚುವ 'ಸ್ಟಿಕಿ ಬಿಟ್'. ಅದನ್ನು ಹಚ್ಚಿದ ಫೋಲ್ಡರಿಗೆ ಯಾರು ಬೇಕಾದರೂ ಹೊಸ ಫೈಲ್ ಹಾಕಬಹುದು, ಆದರೆ ಒಂದು ಫೈಲಿನ ಹೆಸರು ಬದಲಿಸಲು ಅಥವಾ ಅಳಿಸಲು ಆ ಫೈಲಿನ ಯಜಮಾನನಿಗೆ, ಫೋಲ್ಡರಿನ ಯಜಮಾನನಿಗೆ ಅಥವಾ ರೂಟ್‌ಗೆ ಮಾತ್ರ ಸಾಧ್ಯ. 777 ಇದ್ದಲ್ಲಿ 1777 ಆಗುತ್ತದೆ. ಒಂದೇ ಒಂದು ಅಂಕಿ. ನಮ್ಮ ಕಚೇರಿಯಲ್ಲಿ 777 ಒತ್ತಿದವರು ಇನ್ನೊಂದು ಕೀ ಒತ್ತಿದ್ದರೂ ಅರ್ಧ ಸಮಸ್ಯೆ ಹೋಗುತ್ತಿತ್ತು.

ಆದರೆ ಎಚ್ಚರ. ಎಲ್ಲರೂ 'ಡೆಸ್ಕ್' ಎಂದೇ ಲಾಗಿನ್ ಆಗುವಲ್ಲಿ ಸ್ಟಿಕಿ ಬಿಟ್ ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎಲ್ಲ ಫೈಲಿನ ಯಜಮಾನ ಡೆಸ್ಕ್, ಹೆಸರು ಬದಲಿಸಲು ಬಂದವನೂ ಡೆಸ್ಕ್. ಕೆಲವು ಕಡೆ ಜನ ಬೇರೆ ಬೇರೆ ಹೆಸರಿನಲ್ಲೇ ಬಂದರೂ, ಸಾಂಬಾ ಎಂಬ ಹಂಚಿಕೆಯ ಸಾಫ್ಟ್‌ವೇರಿನಲ್ಲಿ 'ಬಂದವರನ್ನೆಲ್ಲ ಒಬ್ಬನೇ ಬಳಕೆದಾರ ಎಂದು ತಿಳಿ' ಎಂಬ ಒಂದು ಸಾಲು ಬರೆದಿಟ್ಟಿರುತ್ತಾರೆ. ಪರ್ಮಿಶನ್ ತಕರಾರು ಬರದಿರಲಿ ಎಂದು. ತಕರಾರು ಬರುವುದಿಲ್ಲ, ನಿಜ. ತಕರಾರು ಎತ್ತುವ ಮನುಷ್ಯನನ್ನೇ ದಾಖಲೆಯಿಂದ ತೆಗೆದು ಹಾಕಿದರೆ ತಕರಾರು ಎಲ್ಲಿಂದ ಬರಬೇಕು?

ಪಹಣಿಯ ಮಾತಿಗೇ ಮತ್ತೆ ಬರುತ್ತೇನೆ. ಕರ್ನಾಟಕದಲ್ಲಿ ಕೈಬರಹದ ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕಾಲದಲ್ಲಿ ಹೆಸರು ಯಾವಾಗ ಬದಲಾಯಿತು, ಬದಲಿಸಿದ್ದು ಯಾರು ಎಂದು ಕೇಳುವುದೇ ಕಷ್ಟವಿತ್ತು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅಲ್ಲಿ ಮಾಡಿದ ಒಂದು ಕೆಲಸವನ್ನು ನಾವು ಸಾಕಷ್ಟು ಗಮನಿಸಿಲ್ಲ. ದಾಖಲೆ ತಿದ್ದುವ ಸಿಬ್ಬಂದಿ ಬರೀ ಪಾಸ್‌ವರ್ಡ್ ಒತ್ತಿದರೆ ಸಾಲದು, ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು ಎಂದರು. ಪಾಸ್‌ವರ್ಡ್ ಆದರೆ 'ಯಾರೋ ಕದ್ದರು' ಎನ್ನಬಹುದು, ಬೆರಳನ್ನು ಹಾಗೆನ್ನಲು ಆಗುವುದಿಲ್ಲ. ಭೂಮಿಯಲ್ಲಿ ತಪ್ಪುಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದಕ್ಷರದ ತಿದ್ದುಪಡಿಗೆ ರೈತರು ತಾಲ್ಲೂಕು ಕಚೇರಿಗೆ ಅಲೆದದ್ದನ್ನು ನಾವೇ ಎಷ್ಟು ಸಲ ಬರೆದಿದ್ದೇವೆ! ಆದರೂ 'ಈ ಹೆಸರು ಬದಲಿಸಿದವರು ಯಾರು' ಎಂಬ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರೇ ಉತ್ತರವಾಗಬೇಕು ಎಂಬ ತತ್ವ ಅಲ್ಲಿತ್ತು.

ನಮಗೆ ಆ ತತ್ವ ಬೇರೆಯವರಿಗೆ ಮಾತ್ರ ಬೇಕು. ಪಿಡಿಒ ಅವರ ಡಿಜಿಟಲ್ ಸಹಿಯ ಡಾಂಗಲ್ ಕಂಪ್ಯೂಟರ್ ಆಪರೇಟರನ ಡ್ರಾಯರಿನಲ್ಲಿದ್ದರೆ ನಾವು ಬೈಲೈನ್ ಹಾಕಿ ಸುದ್ದಿ ಮಾಡುತ್ತೇವೆ. ಸುದ್ದಿ ಬರೆದು, ಮಾನಿಟರಿನ ಕೆಳಗಿನ ಚೀಟಿ ನೋಡಿ ಪಾಸ್‌ವರ್ಡ್ ಒತ್ತಿ, 'ಡೆಸ್ಕ್' ಹೆಸರಿನಲ್ಲಿ ಅದನ್ನು ಸರ್ವರಿಗೆ ಹಾಕುತ್ತೇವೆ.

ಇದನ್ನು ಹೇಳಿದಾಗೆಲ್ಲ ಮೂರು ಉತ್ತರ ಕೇಳಿದ್ದೇನೆ.

ಮೊದಲನೆಯದು: "ನಾವೆಲ್ಲ ಒಂದೇ ಮನೆಯವರ ಹಾಗೆ, ನಂಬಿಕೆ ಇಲ್ವಾ?" ಆ ಮನೆಯಲ್ಲಿ ತಪ್ಪಾದಾಗ ಹೊರಗೆ ಹೋದದ್ದು ಒಬ್ಬಳೇ. ಮನೆಯವರು ಯಾರೂ ಬಾಯಿ ಬಿಡಲಿಲ್ಲ. ಪರ್ಮಿಶನ್ ಇರುವುದು ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ತಪ್ಪು ಮಾಡದವರು 'ನಾನಲ್ಲ' ಎಂದು ತೋರಿಸುವುದಕ್ಕೂ. ದೊಡ್ಡವರಿಗೆ ಅದು ಬೇಕಾಗುವುದಿಲ್ಲ, ಅವರ ಮಾತಿಗೆ ತೂಕವಿದೆ. ಟ್ರೈನಿಗೆ, ಸ್ಟ್ರಿಂಗರಿಗೆ ದಾಖಲೆ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಎರಡನೆಯದು: "ಡೆಡ್‌ಲೈನ್ ಹೊತ್ತಿಗೆ ಇದೆಲ್ಲ ಆಗಲ್ಲ." ಡೆಡ್‌ಲೈನ್ ಹೊತ್ತಿಗೆ ಮಾಡಿ ಎಂದು ಯಾರೂ ಹೇಳುತ್ತಿಲ್ಲ. ಒಂದು ಮಧ್ಯಾಹ್ನ ಕೂತು ಒಮ್ಮೆ ಮಾಡುವ ಕೆಲಸ ಇದು. ಡೆಡ್‌ಲೈನಿನ ಹೆಸರು ಹೇಳಿ ಮುಂದೂಡಿದ್ದಕ್ಕೇ ರಾತ್ರಿ ಹನ್ನೊಂದಕ್ಕೆ ಪರ್ಮಿಶನ್ ಡಿನೈಡ್ ಎಂದು ಬರುವುದು.

ಮೂರನೆಯದು: "ಅದೆಲ್ಲ ಸಿಸ್ಟಮ್‌ನವರ ಕೆಲಸ, ನಮಗೆ ಅರ್ಥ ಆಗಲ್ಲ." ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಯಾರು ಯಾವ ಫೋಲ್ಡರಿನಲ್ಲಿ ಬರೆಯಬೇಕು ಎಂಬುದು ಸಂಪಾದಕೀಯ ತೀರ್ಮಾನ. ಅದನ್ನು ಸಿಸ್ಟಮ್‌ನವರಿಗೆ ಬಿಟ್ಟರೆ ಅವರು ತಮಗೆ ಫೋನ್ ಬರದ ಹಾಗೆ ತೀರ್ಮಾನಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಕಾಲಂ 9, ಕಾಲಂ 12 ಅರ್ಥ ಮಾಡಿಕೊಂಡು ತಹಶೀಲ್ದಾರರನ್ನು ಪ್ರಶ್ನೆ ಕೇಳುವ ನಮಗೆ ಓದು-ಬರೆ-ನಡೆಸು ಎಂಬ ಮೂರು ಪದ ಅರ್ಥವಾಗುವುದಿಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಟೀಕೆ ಮಾಡಿ ಓಡಿ ಹೋದ ಎನ್ನಬಾರದು, ಹೇಳಿಬಿಡುತ್ತೇನೆ.

ಮೊದಲು, ಒಬ್ಬರಿಗೆ ಒಂದು ಲಾಗಿನ್. ಇದಕ್ಕೆ ಪರ್ಯಾಯವಿಲ್ಲ. ಉಳಿದದ್ದೆಲ್ಲ ಇದರ ಮೇಲೆಯೇ ನಿಲ್ಲುವುದು. ಜನರನ್ನು ಗುಂಪು ಮಾಡಿ: ವರದಿಗಾರರು, ಡೆಸ್ಕ್. ಒಬ್ಬರು ಎರಡೂ ಗುಂಪಿನಲ್ಲಿರಬಹುದು.

ಆಮೇಲೆ ಎರಡು ಫೋಲ್ಡರ್. ಒಂದು ಒಳಬರುವ ಸುದ್ದಿ, ಫೋಟೋಗಳಿಗೆ. ಅದಕ್ಕೆ ಸ್ಟಿಕಿ ಬಿಟ್ ಹಚ್ಚಿ. ವರದಿಗಾರರು ತಮ್ಮದನ್ನು ಹಾಕಬಹುದು, ತಮ್ಮದರ ಹೆಸರು ತಿದ್ದಬಹುದು, ಪಕ್ಕದವರದನ್ನು ಮುಟ್ಟಲಾರರು. ಇನ್ನೊಂದು ಪುಟ ಕಟ್ಟುವ ಫೋಲ್ಡರ್, ಡೆಸ್ಕ್ ಗುಂಪಿಗೆ ಮಾತ್ರ. ಡೆಸ್ಕಿನವರು ಒಳಬರುವ ಫೋಲ್ಡರಿನಿಂದ ಇಲ್ಲಿಗೆ ಫೋಟೋವನ್ನು ಕಾಪಿ ಮಾಡಿಕೊಳ್ಳಲಿ, ಎತ್ತಿಕೊಂಡು ಬರುವುದು ಬೇಡ. ಇಲ್ಲಿ ಪು5-2 ಎಂದೋ ಪು3-1 ಎಂದೋ ಎಷ್ಟು ಸಲ ಬೇಕಾದರೂ ಹೆಸರು ಬದಲಿಸಿಕೊಳ್ಳಲಿ. ಮೂಲ ಫೋಟೋ ಅದನ್ನು ಹಾಕಿದವರ ಹೆಸರಿನಲ್ಲಿ, ಅವರು ಕೊಟ್ಟ ಹೆಸರಿನಲ್ಲೇ ಅಲ್ಲಿರುತ್ತದೆ. ಇಷ್ಟು ಇದ್ದಿದ್ದರೆ ಆ ಸಂಜೆ ಒಳಬರುವ ಫೋಲ್ಡರ್ ತೆರೆದು ನೋಡಿದರೆ ಸಾಕಿತ್ತು.

ಪುಟದ ಫೋಲ್ಡರಿಗೆ ಸೆಟ್‌ಜಿಐಡಿ ಎಂಬ ಗುರುತು ಹಚ್ಚಿಸಿ. 770 ಇದ್ದದ್ದು 2770 ಆಗುತ್ತದೆ. ಅಲ್ಲಿ ಹುಟ್ಟುವ ಪ್ರತಿ ಫೈಲೂ ತಾನಾಗಿ ಡೆಸ್ಕ್ ಗುಂಪಿಗೆ ಸೇರುತ್ತದೆ. ಇದನ್ನು ಮಾಡಿದ ಮೇಲೂ ಎಡವುವ ಎರಡು ಕಲ್ಲುಗಳಿವೆ. ಒಂದು ಯುಮಾಸ್ಕ್. ಅನೇಕ ಕಡೆ ಅದು 022 ಇರುತ್ತದೆ, ಅಂದರೆ ಹೊಸ ಫೈಲನ್ನು ಗುಂಪಿನವರು ಓದಬಹುದು, ತಿದ್ದಲಾರರು. ಆಗ ಸಹೋದ್ಯೋಗಿಗೆ ನಿಮ್ಮ ಫೈಲಿನ ಹೆಸರು ಬದಲಿಸಲು ಆಗುತ್ತದೆ, ಒಳಗೆ ಒಂದು ಅಲ್ಪವಿರಾಮ ಹಾಕಲು ಆಗುವುದಿಲ್ಲ ಎಂಬ ತಮಾಷೆ ನಡೆಯುತ್ತದೆ. ಇಲ್ಲಿ 007 ಬೇಕು. ಇನ್ನೊಂದು, ಒಂದೇ ಡಿಸ್ಕಿನೊಳಗೆ ಫೈಲನ್ನು ಕಾಪಿ ಮಾಡದೆ ಎತ್ತಿ ತಂದರೆ ಅದು ತನ್ನ ಹಳೆಯ ಗುಂಪು, ಹಳೆಯ ಪರ್ಮಿಶನ್ ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನ ಗುಂಪು ಸಿಗುತ್ತದೆ. ಕಾಪಿ ಮಾಡಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇದೂ ಕಾರಣ.

ಕೊನೆಯದಾಗಿ ದಾಖಲೆ. ಹೆಸರು ಬದಲಿಸಿದವರು ಯಾರು ಎಂದು ಫೈಲ್ ತಾನಾಗಿ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಸಾಂಬಾದಲ್ಲಿ ಫುಲ್ ಆಡಿಟ್ ಎಂಬ ಮಾಡ್ಯೂಲ್ ಇದೆ. ಅದನ್ನು ಹೊಂದಿಸಿಟ್ಟರೆ ಯಾವ ಬಳಕೆದಾರ ಯಾವ ಹೆಸರನ್ನು ಯಾವ ಹೆಸರಾಗಿ ಬದಲಿಸಿದ ಎಂದು ಸಮಯದ ಜೊತೆ ಲಾಗ್‌ನಲ್ಲಿ ಬರುತ್ತದೆ. ಸಾಂಬಾ ಮುಕ್ತ ತಂತ್ರಾಂಶ, ಇದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಒಂದು ವಿಷಯ ಹೇಳದೆ ಇದನ್ನು ಮುಗಿಸಿದರೆ ಅಪ್ರಾಮಾಣಿಕ ಆಗುತ್ತದೆ. ಆ ರಾತ್ರಿ ಡೆಸ್ಕಿನಲ್ಲಿ ನಾನೂ ಇದ್ದೆ. ಮೂರನೇ ಪುಟ ಒಡೆದಾಗ ಹತ್ತು ಹನ್ನೆರಡು ಫೋಟೋಗಳ ಹೆಸರನ್ನು ನಾನೂ ಬದಲಿಸಿದೆ. ಯಾವ ಯಾವುದು ಎಂದು ಮರುದಿನವೇ ನೆನಪಿರಲಿಲ್ಲ. ಪು3-1 ಎಂಬುದನ್ನು ಪು5-2 ಮಾಡಿದ್ದು ನಾನೇ ಇರಬಹುದು. ಇಲ್ಲದೆಯೂ ಇರಬಹುದು. ವಿಚಾರಣೆಯ ಸಂಜೆ ನಾನು ಗೋಡೆಗೆ ಒರಗಿ ನಿಂತಿದ್ದೆ. ರಿನೇಮ್ ಮಾಡಿದರೆ ಸಮಯ ಬದಲಾಗುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ರಾತ್ರಿ ಹೆಸರುಗಳನ್ನು ಬದಲಿಸಿದ್ದೆವು ಎಂಬುದು ಗೊತ್ತಿತ್ತಲ್ಲ. ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹನ್ನೆರಡು ಜನರ ಒಂದೇ ಹೆಸರು ನನಗೂ ಅಡಗಿಕೊಳ್ಳಲು ಅನುಕೂಲವಾಗಿತ್ತು.

ಅವಳು ಈಗ ಪತ್ರಿಕೋದ್ಯಮದಲ್ಲಿಲ್ಲ.

ನಾಳೆ ಕಚೇರಿಗೆ ಹೋದಾಗ ನೀವು ಯಾವ ಹೆಸರಿನಲ್ಲಿ ಸರ್ವರ್ ಒಳಗೆ ಹೋಗುತ್ತೀರಿ ಎಂದು ನೋಡಿ. ಪಕ್ಕದವರದನ್ನೂ ಕೇಳಿ. ಎರಡೂ ಒಂದೇ ಆಗಿದ್ದರೆ ಬೇರೆ ಮಾಡಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟರೆ ಹೇಗೆ ಪಡೆಯುತ್ತೇವೋ ಹಾಗೇ. ಮೊದಲು ಕೇಳಬೇಕಾದವರು ಟ್ರೈನಿಗಳಲ್ಲ, ಅವರಿಗೆ ಕೇಳುವ ಧೈರ್ಯ ಇರುವುದಿಲ್ಲ. ಐದು ವರ್ಷ ಆದವರು ಕೇಳಿ.